ಪ್ರೆಸ್ಟನ್ ಪಟ್ಟಣದ ಚುನಾವಣೆಗಳು: ಮತದ ಹಕ್ಕು ಬಂದದ್ದು, ಹೋದದ್ದು, ಮತ್ತೆ ಬಂದದ್ದು

ಬ್ರಿಟನ್ನಿನಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ಟ್ಯೂಡರ್ ಅರಸರ ಕಥೆ ಗೊತ್ತು, ಮಹಾಯುದ್ಧಗಳ ಕಥೆಯೂ ಗೊತ್ತು. ಆದರೆ ಈ ದೇಶದ ಸಾಮಾನ್ಯ ಜನರಿಗೆ ಮತ ಹಾಕುವ ಹಕ್ಕು ಹೇಗೆ ಬಂತು ಎಂದು ಕೇಳಿದರೆ ಹೆಚ್ಚಿನವರು ಒಂದೇ ಉತ್ತರ ಕೊಡುತ್ತಾರೆ: "ಮೊದಲು ಶ್ರೀಮಂತರಿಗೆ ಇತ್ತು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಎಲ್ಲರಿಗೂ ಸಿಕ್ಕಿತು." ಈ ಉತ್ತರ ಪೂರ್ತಿ ಸರಿಯಲ್ಲ. ಕೊಟ್ಟ ಹಕ್ಕನ್ನು ಹಿಂದಕ್ಕೆ ಪಡೆದದ್ದೂ ಉಂಟು. ಇದನ್ನು ತಿಳಿಯಲು ಲ್ಯಾಂಕಾಶೈರಿನ ಪ್ರೆಸ್ಟನ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹಾಗಾಗಿ ಈ ಪಾಠದಲ್ಲಿ ನಾವು ಆ ಊರಿನ ಚುನಾವಣೆಗಳ ಚರಿತ್ರೆಯನ್ನು ನೋಡೋಣ.

ಊರಿನ ಪರಿಚಯ

ರಿಬಲ್ ನದಿಯ ದಡದಲ್ಲಿರುವ ಪ್ರೆಸ್ಟನ್ ಹಳೆಯ ವ್ಯಾಪಾರದ ಪಟ್ಟಣ. 1179ರಲ್ಲೇ ಇಲ್ಲಿನ ವರ್ತಕರ ಸಂಘಕ್ಕೆ, ಅಂದರೆ ಗಿಲ್ಡ್‌ಗೆ, ರಾಜನ ಸನ್ನದು ಸಿಕ್ಕಿತ್ತು. ಇಪ್ಪತ್ತು ವರ್ಷಕ್ಕೊಮ್ಮೆ ನಡೆಯುವ 'ಪ್ರೆಸ್ಟನ್ ಗಿಲ್ಡ್' ಉತ್ಸವ ಇಂದಿಗೂ ಉಳಿದಿದೆ. ಹಿಂದಿನದು 2012ರಲ್ಲಿ ಆಯಿತು, ಮುಂದಿನದು 2032ರಲ್ಲಿ. 2002ರಲ್ಲಿ ರಾಣಿ ಎರಡನೇ ಎಲಿಜಬೆತ್ ಅವರ ಆಳ್ವಿಕೆಯ ಐವತ್ತನೇ ವರ್ಷದ ಸಂದರ್ಭದಲ್ಲಿ ಪ್ರೆಸ್ಟನ್‌ಗೆ ನಗರದ ಪದವಿ ದೊರೆಯಿತು.

1295ರಲ್ಲಿ ಮೊದಲನೇ ಎಡ್ವರ್ಡ್ ದೊರೆ ಕರೆದ ಪಾರ್ಲಿಮೆಂಟಿಗೆ ಈ ಊರಿನಿಂದ ಇಬ್ಬರು ಪ್ರತಿನಿಧಿಗಳು ಹೋಗಿದ್ದರು. ನಡುವೆ ಬಹಳ ಕಾಲ ಈ ಕ್ರಮ ನಿಂತುಹೋಗಿ, ಹದಿನಾರನೇ ಶತಮಾನದಲ್ಲಿ ಮತ್ತೆ ಆರಂಭವಾಯಿತು. ಅಲ್ಲಿಂದ 1950ರವರೆಗೆ ಪ್ರೆಸ್ಟನ್‌ಗೆ ಇಬ್ಬರು ಸದಸ್ಯರು. ಒಬ್ಬೊಬ್ಬ ಮತದಾರನಿಗೂ ಎರಡು ಮತ ಇರುತ್ತಿತ್ತು.

'ಎಲ್ಲ ನಿವಾಸಿಗಳು' ಎಂಬ ಎರಡು ಪದ

ಹಿಂದಿನ ಕಾಲದಲ್ಲಿ ಯಾರು ಮತ ಹಾಕಬಹುದು ಎಂಬುದಕ್ಕೆ ದೇಶಕ್ಕೆಲ್ಲ ಒಂದೇ ನಿಯಮ ಇರಲಿಲ್ಲ. ಒಂದೊಂದು ಊರಿಗೆ ಒಂದೊಂದು ಪದ್ಧತಿ. ಕೆಲವು ಊರಿನಲ್ಲಿ ತೆರಿಗೆ ಕಟ್ಟುವವರಿಗೆ, ಕೆಲವು ಕಡೆ ಪುರಸಭೆಯ ಸದಸ್ಯರಿಗೆ ಮಾತ್ರ. ಓಲ್ಡ್ ಸೇರಮ್ ಎಂಬಲ್ಲಿ ಊರೇ ಇರಲಿಲ್ಲ, ಬರಿಯ ದಿಬ್ಬ ಇತ್ತು. ಆದರೂ ಅಲ್ಲಿಂದ ಇಬ್ಬರು ಸದಸ್ಯರು! ಆದರೆ ಮ್ಯಾಂಚೆಸ್ಟರಿನಂಥ ದೊಡ್ಡ ಊರಿಗೆ 1832ರವರೆಗೂ ಒಬ್ಬ ಸದಸ್ಯನೂ ಇರಲಿಲ್ಲ.

ಪ್ರೆಸ್ಟನ್‌ನಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳವಾಯಿತು. 1768ರ ಚುನಾವಣೆಯಲ್ಲಿ ಒಂದು ಕಡೆ ಪುರಸಭೆಯ ಅಭ್ಯರ್ಥಿಗಳು, ಇನ್ನೊಂದು ಕಡೆ ಪ್ರಬಲ ಜಮೀನ್ದಾರನಾದ ಡಾರ್ಬಿಯ ಅರ್ಲ್ ನಿಲ್ಲಿಸಿದ್ದ ಜಾನ್ ಬರ್ಗಾಯ್ನ್ ಮತ್ತು ಸರ್ ಹೆನ್ರಿ ಹಾಟನ್. ಗಿಲ್ಡಿಗೆ ಸೇರಿದ ಸ್ಥಳೀಯ ಸದಸ್ಯರಿಗೆ ಮಾತ್ರ ಮತ ಎಂದು ಮೇಯರ್ ವಾದಿಸಿ ಪುರಸಭೆಯವರೇ ಗೆದ್ದರೆಂದು ಸಾರಿದ. ಬರ್ಗಾಯ್ನ್ ಕಡೆಯವರು ಪಾರ್ಲಿಮೆಂಟಿಗೆ ದೂರು ಕೊಟ್ಟರು. ಹಳೆಯ ಕಡತ ತೆಗೆದು ನೋಡಿದಾಗ, 1661ರ ಒಂದು ನಿರ್ಣಯದಲ್ಲಿ ಪ್ರೆಸ್ಟನ್‌ನ ಮತದ ಹಕ್ಕು 'ಎಲ್ಲ ನಿವಾಸಿಗಳದು' ಎಂದು ಬರೆದಿತ್ತು. ಬರೆದಂತೆಯೇ ಅರ್ಥ ಮಾಡಬೇಕು ಎಂದು ಕೆಳಮನೆ ತೀರ್ಮಾನಿಸಿತು. ಬರ್ಗಾಯ್ನ್ ಮತ್ತು ಹಾಟನ್ ಸದಸ್ಯರಾದರು. ಹೀಗೆ, ಪಕ್ಷಗಳ ಮೇಲಾಟದಲ್ಲಿ, ಪ್ರೆಸ್ಟನ್‌ನಲ್ಲಿ ಆರು ತಿಂಗಳು ನೆಲೆಸಿದ, ಬಡವರ ನಿಧಿಯಿಂದ ಸಹಾಯ ಪಡೆಯದ, 21 ವರ್ಷ ತುಂಬಿದ ಪ್ರತಿಯೊಬ್ಬ ಗಂಡಸಿಗೂ ಮತದ ಹಕ್ಕು ಬಂತು. ಕೈಮಗ್ಗದ ನೇಕಾರನೂ ಮತದಾರನಾದ. ಆ ಕಾಲಕ್ಕೆ ಇದು ಅಪರೂಪದ ಸಂಗತಿ.

ಅಂದ ಹಾಗೆ, ಆ ಚುನಾವಣೆಯ ಗಲಭೆಯಲ್ಲಿ ಪಾಲುಗೊಂಡದ್ದಕ್ಕಾಗಿ ಬರ್ಗಾಯ್ನ್‌ಗೆ 1,000 ಪೌಂಡ್ ದಂಡ ಬಿತ್ತು. 1777ರಲ್ಲಿ ಅಮೆರಿಕದ ಸರಟೋಗದಲ್ಲಿ ಸೋತು ಶರಣಾದ ಬ್ರಿಟಿಷ್ ಸೇನಾಪತಿ ಇವನೇ. ನಮ್ಮ ದೇಶದ ಚರಿತ್ರೆಯಲ್ಲೂ ಇವನ ಹೆಸರಿದೆ. 1772ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವ್ಯವಹಾರಗಳ ವಿಚಾರಣೆಗೆ ನೇಮಿಸಿದ ಸಮಿತಿಗೆ ಇವನು ಅಧ್ಯಕ್ಷ. ಮರುವರ್ಷ ರಾಬರ್ಟ್ ಕ್ಲೈವನ ವಿರುದ್ಧ ಪಾರ್ಲಿಮೆಂಟಿನಲ್ಲಿ ನಿರ್ಣಯ ಮಂಡಿಸಿದವನೂ ಇವನೇ.

ಮತ ಹಾಕುತ್ತಿದ್ದ ಬಗೆ

ಆಗ ಮತಪತ್ರ ಇರಲಿಲ್ಲ, ಗುಟ್ಟೂ ಇರಲಿಲ್ಲ. ಮತದಾರನು ಎಲ್ಲರ ಮುಂದೆ ಬಂದು, ತನ್ನ ಹೆಸರು ಹೇಳಿ, ಯಾರಿಗೆ ಮತ ಎಂದು ಗಟ್ಟಿಯಾಗಿ ಹೇಳಬೇಕು. ಗುಮಾಸ್ತನು ಅದನ್ನು ಬರೆದುಕೊಳ್ಳುವನು. ಆಮೇಲೆ ಆ ಪಟ್ಟಿಯನ್ನು ಪುಸ್ತಕವಾಗಿ ಅಚ್ಚು ಹಾಕಿ ಮಾರುತ್ತಿದ್ದದ್ದೂ ಉಂಟು. ಮನೆಯ ಮಾಲೀಕ, ಗಿರಣಿಯ ಧಣಿ, ಅಂಗಡಿಯ ಗಿರಾಕಿ ಯಾರು ಬೇಕಾದರೂ ನೋಡಿ, ತಮಗೆ ಬೇಡದವರಿಗೆ ಮತ ಹಾಕಿದವನ ಕೆಲಸವನ್ನೋ ಮನೆಯನ್ನೋ ಕಿತ್ತುಕೊಳ್ಳಬಹುದಿತ್ತು. ಮತದಾನ ಹಲವು ದಿನ ನಡೆಯುತ್ತಿತ್ತು. ಅಷ್ಟೂ ದಿನ ಅಭ್ಯರ್ಥಿಗಳ ಖರ್ಚಿನಲ್ಲಿ ಬಿಯರ್, ಊಟ, ವಾದ್ಯ, ಮೆರವಣಿಗೆ.

ಹೀಗಾಗಿ ಬಡವನಿಗೆ ಮತವಿದ್ದರೂ ಅಧಿಕಾರ ದೊಡ್ಡವರ ಕೈಯಲ್ಲೇ ಉಳಿಯಿತು. 1791ರಲ್ಲಿ ಪ್ರೆಸ್ಟನ್‌ಗೆ ಬಂದು ಹತ್ತಿ ಗಿರಣಿ ಹಾಕಿದ ಜಾನ್ ಹಾರಕ್ಸ್ ಬಹುಬೇಗ ಶ್ರೀಮಂತನಾದ. ಡಾರ್ಬಿ ಮನೆತನಕ್ಕೂ ಪುರಸಭೆಗೂ ರಾಜಿಯಾಗಿ, 1802ರಲ್ಲಿ ಒಂದು ಸ್ಥಾನ ಅವರಿಗೆ, ಒಂದು ಸ್ಥಾನ ಪುರಸಭೆಯ ಕಡೆಯ ಹಾರಕ್ಸ್‌ಗೆ ಎಂದು ಹಂಚಿಕೆಯಾಯಿತು. 1804ರಲ್ಲಿ ಜಾನ್ ತೀರಿಕೊಂಡ ಮೇಲೆ ಅವನ ಅಣ್ಣ ಸ್ಯಾಮ್ಯುಯೆಲ್ 1826ರವರೆಗೆ ಸದಸ್ಯನಾಗಿದ್ದ.

1830: ನೇಕಾರರ ಗೆಲುವು

1830ರ ಡಿಸೆಂಬರಿನಲ್ಲಿ ಈ ಲೆಕ್ಕಾಚಾರ ತಲೆಕೆಳಗಾಯಿತು. ಡಾರ್ಬಿ ಮನೆತನದ ಎಡ್ವರ್ಡ್ ಸ್ಟ್ಯಾನ್ಲಿ ಸರ್ಕಾರದಲ್ಲಿ ಹುದ್ದೆ ಪಡೆದಿದ್ದರಿಂದ, ಅಂದಿನ ನಿಯಮದಂತೆ ಮತ್ತೆ ಚುನಾವಣೆಗೆ ನಿಲ್ಲಬೇಕಾಯಿತು. ಅವನಿಗೆ ಎದುರಾಗಿ ನಿಂತವನು ಹೆನ್ರಿ ಹಂಟ್. ಹಂಟ್ ಯಾರು? 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ, ಮತದ ಹಕ್ಕು ಕೇಳಲು ಸೇರಿದ್ದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದರು. ಪೀಟರ್ಲೂ ಎಂದು ಹೆಸರಾದ ಆ ಸಭೆಯ ಮುಖ್ಯ ಭಾಷಣಕಾರ ಇವನೇ. ಅದಕ್ಕಾಗಿ ಎರಡೂವರೆ ವರ್ಷ ಜೈಲಿನಲ್ಲಿದ್ದ.

ಫಲಿತಾಂಶ ಬಂದಾಗ ಹಂಟ್‌ಗೆ 3,730 ಮತ, ಸ್ಟ್ಯಾನ್ಲಿಗೆ 3,392. ಒಂದೇ ಪಟ್ಟಣದಲ್ಲಿ 7,000ಕ್ಕೂ ಹೆಚ್ಚು ಮಂದಿ ಮತ ಹಾಕಿದ್ದರು. ಎಲ್ಲರೂ ನೋಡುತ್ತಿರುವಾಗಲೇ, ದೊಡ್ಡ ಮನೆತನದ ವಿರುದ್ಧ ಗಟ್ಟಿಯಾಗಿ ಹೆಸರು ಹೇಳಿ ಮತ ಕೊಟ್ಟ ನೇಕಾರರ ಧೈರ್ಯವನ್ನು ನಾವು ನೆನೆಯಬೇಕು.

1832: ಹಕ್ಕು ಹಿಂದಕ್ಕೆ ಹೋದ ವರ್ಷ

1832ರ ಸುಧಾರಣಾ ಕಾಯಿದೆಯನ್ನು ಪ್ರಜಾಪ್ರಭುತ್ವದ ದೊಡ್ಡ ಹೆಜ್ಜೆ ಎಂದು ನಾವು ಓದುತ್ತೇವೆ. ಅದು ನಿಜವೇ. ಓಲ್ಡ್ ಸೇರಮ್‌ನಂಥ ಸ್ಥಾನಗಳು ರದ್ದಾದವು, ಮ್ಯಾಂಚೆಸ್ಟರಿಗೆ ಸದಸ್ಯರು ಬಂದರು. ಆದರೆ ಪಟ್ಟಣಗಳಲ್ಲಿ ಮತದಾರನಾಗಲು ವರ್ಷಕ್ಕೆ 10 ಪೌಂಡ್ ಬಾಳುವ ಮನೆಯೋ ಅಂಗಡಿಯೋ ಇರಬೇಕು ಎಂಬ ನಿಯಮ ದೇಶಕ್ಕೆಲ್ಲ ಒಂದೇ ಆಯಿತು. ಪ್ರೆಸ್ಟನ್‌ನ ಬಹುಪಾಲು ಕೂಲಿಕಾರರ ಮನೆಗಳು ಅಷ್ಟು ಬಾಳುತ್ತಿರಲಿಲ್ಲ. ಈಗಾಗಲೇ ಮತವಿದ್ದವರಿಗೆ ಅವರು ಬದುಕಿರುವ ತನಕ ಹಕ್ಕು ಉಳಿಯಿತು, ಹೊಸಬರಿಗೆ ಇಲ್ಲ. ಅಪ್ಪ ಮತದಾರ, ಅದೇ ಮನೆಯಲ್ಲಿ ಬೆಳೆದ ಮಗ ಅಲ್ಲ! ಹಳಬರು ಒಬ್ಬೊಬ್ಬರಾಗಿ ತೀರಿಕೊಂಡಂತೆ ಪಟ್ಟಿ ಕಿರಿದಾಗುತ್ತ ಹೋಯಿತು. ಊರು ಮಾತ್ರ ಬೆಳೆಯುತ್ತಲೇ ಇತ್ತು.

ಈ ಕಾಯಿದೆ ದುಡಿಯುವವರನ್ನು ಹೊರಗಿಡುತ್ತದೆ ಎಂದು ಹಂಟ್ ಪಾರ್ಲಿಮೆಂಟಿನಲ್ಲಿ ಟೀಕಿಸಿದ್ದ. 1832ರ ಡಿಸೆಂಬರಿನ ಚುನಾವಣೆಯಲ್ಲಿ ಅವನು ಸೋತ. 1835ರಲ್ಲಿ ತೀರಿಕೊಂಡ. ಅದಕ್ಕೆ ಮೊದಲು ಅವನು ಮಾಡಿದ ಒಂದು ಕೆಲಸವನ್ನು ಮರೆಯಬಾರದು. 1832ರ ಆಗಸ್ಟ್ 3ರಂದು ಯಾರ್ಕ್‌ಶೈರಿನ ಮೇರಿ ಸ್ಮಿತ್ ಎಂಬ ಮಹಿಳೆಯ ಅರ್ಜಿಯನ್ನು ಅವನು ಕೆಳಮನೆಯಲ್ಲಿ ಮಂಡಿಸಿದ. 'ನಾನು ತೆರಿಗೆ ಕಟ್ಟುತ್ತೇನೆ, ನನಗೇಕೆ ಮತವಿಲ್ಲ?' ಎಂಬುದು ಅರ್ಜಿಯ ತಿರುಳು. ಸ್ತ್ರೀಯರ ಮತದ ಹಕ್ಕಿಗಾಗಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದ ಮೊದಲ ಅರ್ಜಿ ಅದು. ಆ ಅರ್ಜಿಯನ್ನು ತಂದವನು ಪ್ರೆಸ್ಟನ್‌ನ ಸದಸ್ಯ.

ಮತ ಕಳೆದುಕೊಂಡ ಜನ ಸುಮ್ಮನಿರಲಿಲ್ಲ. 1838ರಲ್ಲಿ ಹೊರಟ ಚಾರ್ಟಿಸ್ಟ್ ಚಳವಳಿ ಎಲ್ಲ ಗಂಡಸರಿಗೂ ಮತ, ಗುಪ್ತ ಮತದಾನ, ಸದಸ್ಯರಿಗೆ ಸಂಬಳ ಮುಂತಾದ ಆರು ಬೇಡಿಕೆಗಳನ್ನು ಮುಂದಿಟ್ಟಿತು. ಕೂಲಿ ಇಳಿಸಿದ್ದಕ್ಕೂ ಈ ಬೇಡಿಕೆಗಳಿಗೂ ಸೇರಿ 1842ರಲ್ಲಿ ಮುಷ್ಕರ ನಡೆದಾಗ, ಆಗಸ್ಟ್ 13ರಂದು ಪ್ರೆಸ್ಟನ್‌ನ ಲೂನ್ ಸ್ಟ್ರೀಟ್‌ನಲ್ಲಿ ಸೈನಿಕರು ಗುಂಡು ಹಾರಿಸಿದರು. ನಾಲ್ವರು ಸತ್ತರು. ಅಲ್ಲಿ ಇಂದು ಅವರ ಸ್ಮಾರಕ ಇದೆ.

ಸೋತವನೇ ಪ್ರಧಾನಿ

1830ರಲ್ಲಿ ಪ್ರೆಸ್ಟನ್‌ನಲ್ಲಿ ಸೋತ ಎಡ್ವರ್ಡ್ ಸ್ಟ್ಯಾನ್ಲಿ ಮುಂದೆ ಡಾರ್ಬಿಯ ಹದಿನಾಲ್ಕನೇ ಅರ್ಲ್ ಆಗಿ, ಮೂರು ಬಾರಿ ಬ್ರಿಟನ್ನಿನ ಪ್ರಧಾನಿಯಾದ. 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮುಗಿದು ಭಾರತ ರಾಣಿಯ ಆಳ್ವಿಕೆಗೆ ಬಂದಾಗ ಪ್ರಧಾನಿ ಇವನೇ. ಭಾರತ ವ್ಯವಹಾರಗಳ ಮೊದಲ ಕಾರ್ಯದರ್ಶಿ ಇವನ ಮಗ. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, 1867ರಲ್ಲಿ ಪಟ್ಟಣಗಳ ಸಾಮಾನ್ಯ ಮನೆವಾಳ್ತೆಯ ಗಂಡಸರಿಗೆ ಮತ ಕೊಟ್ಟ ಎರಡನೇ ಸುಧಾರಣಾ ಕಾಯಿದೆ ಬಂದದ್ದೂ ಇವನು ಪ್ರಧಾನಿಯಾಗಿದ್ದಾಗಲೇ. ಪ್ರೆಸ್ಟನ್‌ನ ಕೂಲಿಕಾರ 1832ರಲ್ಲಿ ಕಳೆದುಕೊಂಡದ್ದನ್ನು ಬಹುಮಟ್ಟಿಗೆ ಮರಳಿ ಪಡೆಯಲು 35 ವರ್ಷ ಬೇಕಾಯಿತು.

1872ರಲ್ಲಿ ಗುಪ್ತ ಮತದಾನದ ಕಾಯಿದೆ ಬಂತು. ಆಗಸ್ಟ್ 15ರಂದು ಯಾರ್ಕ್‌ಶೈರಿನ ಪಾಂಟಿಫ್ರ್ಯಾಕ್ಟ್ ಊರಿನಲ್ಲಿ ಮೊದಲ ಪ್ರಯೋಗ. ಜ್ಯೇಷ್ಠಮಧುವಿನ ಮಿಠಾಯಿಗೆ ಹೆಸರಾದ ಆ ಊರಿನಲ್ಲಿ, ಮಿಠಾಯಿಗೆ ಒತ್ತುವ ಮುದ್ರೆಯನ್ನೇ ಮತಪೆಟ್ಟಿಗೆಯ ಅರಗಿನ ಮೇಲೂ ಒತ್ತಿದರಂತೆ! ಆ ಪೆಟ್ಟಿಗೆ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಮರುತಿಂಗಳೇ ಪ್ರೆಸ್ಟನ್‌ನ ಉಪಚುನಾವಣೆಯೂ ಹೊಸ ಪದ್ಧತಿಯಲ್ಲಿ ನಡೆಯಿತು. ಕೂಗಿ ಹೇಳುವ ಕಾಲ ಮುಗಿದು, ಕಾಗದದ ಮೇಲೆ ಗುರುತು ಹಾಕುವ ಕಾಲ ಬಂತು.

ಅಲ್ಲಿಯ ಮತ, ಇಲ್ಲಿಯ ಮಗ್ಗ

ಈ ಚರಿತ್ರೆ ನಮ್ಮ ಹಿರಿಯರನ್ನೂ ತಟ್ಟಿತ್ತು. ಲ್ಯಾಂಕಾಶೈರಿನ ಗಿರಣಿಗಳ ಬಟ್ಟೆಗೆ ಭಾರತ ದೊಡ್ಡ ಮಾರುಕಟ್ಟೆ. ಭಾರತ ಸರ್ಕಾರ ಆ ಬಟ್ಟೆಗೆ ಸುಂಕ ಹಾಕಿದರೆ ಇಲ್ಲಿನ ಧಣಿಗಳೂ ಕಾರ್ಮಿಕರೂ ತಮ್ಮ ಸದಸ್ಯರನ್ನು ಕೇಳುತ್ತಿದ್ದರು, ಸದಸ್ಯರು ಸರ್ಕಾರವನ್ನು ಒತ್ತಾಯಿಸುತ್ತಿದ್ದರು. ಇದರ ಫಲವಾಗಿ 1896ರಲ್ಲಿ ಭಾರತದ ಗಿರಣಿಗಳಲ್ಲೇ ತಯಾರಾದ ಬಟ್ಟೆಗೂ ನೂರಕ್ಕೆ ಮೂರೂವರೆಯಂತೆ ತೆರಿಗೆ ಬಿತ್ತು. ತನ್ನ ಊರಿನ ಬಟ್ಟೆಗೆ ತಾನೇ ತೆರಿಗೆ ಕಟ್ಟುವ ಈ ಪದ್ಧತಿ ಸುಮಾರು ಮೂವತ್ತು ವರ್ಷ ನಡೆಯಿತು. ಪ್ರೆಸ್ಟನ್‌ನ ಗಿರಣಿ ಕಾರ್ಮಿಕನಿಗೆ ಮತವಿತ್ತು, ಮುಂಬಯಿಯ ಗಿರಣಿ ಕಾರ್ಮಿಕನಿಗೆ ಇರಲಿಲ್ಲ. ಕಾನೂನು ಮಾಡುವಲ್ಲಿ ಯಾರಿಗೆ ಮತವಿಲ್ಲವೋ ಅವರ ಕಷ್ಟ ಕೊನೆಗೆ ಕೇಳಿಸುತ್ತದೆ. ಮತದ ಬೆಲೆ ತಿಳಿಯಲು ಇದಕ್ಕಿಂತ ಬೇರೆ ಪಾಠ ಬೇಡ.

ಸೈಕಲ್ ಏರಿದ ಈಡಿತ್ ರಿಗ್ಬಿ

ಇಷ್ಟಾದರೂ ಹೆಂಗಸರಿಗೆ ಮತ ಇರಲಿಲ್ಲ. 1872ರಲ್ಲಿ ಪ್ರೆಸ್ಟನ್‌ನ ವೈದ್ಯರ ಮನೆಯಲ್ಲಿ ಹುಟ್ಟಿದ ಈಡಿತ್ ರಿಗ್ಬಿ, ಊರಿನಲ್ಲಿ ಸೈಕಲ್ ತುಳಿದ ಮೊದಲ ಹೆಣ್ಣುಮಗಳು ಎಂದು ಹೇಳುತ್ತಾರೆ. ಗಿರಣಿಯ ಹುಡುಗಿಯರಿಗೆ ಸಂಜೆಯ ಶಾಲೆ ನಡೆಸಿದಳು. 1907ರಲ್ಲಿ ಮಹಿಳಾ ಮತದ ಹಕ್ಕಿನ ಹೋರಾಟದ ಶಾಖೆಯನ್ನು ಪ್ರೆಸ್ಟನ್‌ನಲ್ಲಿ ತೆರೆದಳು. ಹಲವು ಬಾರಿ ಜೈಲಿಗೆ ಹೋಗಿ ಉಪವಾಸ ಕೂತಳು. ಮಿಲ್ಲರ್ ಪಾರ್ಕಿನಲ್ಲಿರುವ ಡಾರ್ಬಿ ಅರ್ಲ್‌ನ ಪ್ರತಿಮೆಗೆ ಟಾರು ಬಳಿದಳು. ಅದು ಬೇರೆ ಯಾರದೂ ಅಲ್ಲ, ನಮ್ಮ ಪಾಠದ ಎಡ್ವರ್ಡ್ ಸ್ಟ್ಯಾನ್ಲಿಯದೇ! ಅವಳ ದಾರಿ ಸರಿಯೇ ತಪ್ಪೇ ಎಂದು ಆಗಲೂ ವಾದವಿತ್ತು, ನಮ್ಮ ತರಗತಿಯಲ್ಲೂ ವಾದ ನಡೆಯಲಿ. 1918ರಲ್ಲಿ 21 ದಾಟಿದ ಗಂಡಸರಿಗೂ, ಆಸ್ತಿಯ ಷರತ್ತಿನೊಡನೆ 30 ದಾಟಿದ ಹೆಂಗಸರಿಗೂ, 1928ರಲ್ಲಿ ಇಬ್ಬರಿಗೂ ಸಮನಾಗಿ ಮತ ಸಿಕ್ಕಿತು. ಪ್ರೆಸ್ಟನ್ ನಾರ್ತ್ ಕ್ಷೇತ್ರದಿಂದ ಮೇರಿ ಹೋಲ್ಡನ್ ಗೆದ್ದು ಈ ಊರಿನ ಮೊದಲ ಮಹಿಳಾ ಸದಸ್ಯೆಯಾದದ್ದು 1970ರಲ್ಲಿ.

ಇಪ್ಪತ್ತನೇ ಶತಮಾನ, ಮತ್ತು ಇಪ್ಪತ್ತೊಂಬತ್ತು ಮತ

ಕಾರ್ಮಿಕರ ನಾಯಕ ಕೀರ್ ಹಾರ್ಡಿ 1900ರಲ್ಲಿ ಪ್ರೆಸ್ಟನ್‌ನಲ್ಲಿ ಸೋತ. ಆಗ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ದಿನ ಮತದಾನ. ಅವನು ವೇಲ್ಸಿನ ಮರ್ಥರ್ ಟಿಡ್‌ಫಿಲ್‌ನಲ್ಲೂ ನಿಂತಿದ್ದರಿಂದ ಅಲ್ಲಿ ಗೆದ್ದ. 1907ರಲ್ಲಿ ಭಾರತಕ್ಕೆ ಬಂದು ಸ್ವರಾಜ್ಯದ ಪರ ಮಾತಾಡಿದವನೂ ಇವನೇ. 1906ರಲ್ಲಿ ಪ್ರೆಸ್ಟನ್‌ನಿಂದ ಲೇಬರ್ ಪಕ್ಷದ ಸದಸ್ಯ ಮೊದಲ ಬಾರಿಗೆ ಆರಿಸಿಬಂದ. 1929ರಲ್ಲಿ ಲಿಬರಲ್ ಆಗಿ ಗೆದ್ದ ವಿಲಿಯಂ ಜೊವಿಟ್, ಲೇಬರ್ ಸರ್ಕಾರದ ಹುದ್ದೆ ಒಪ್ಪಿಕೊಂಡಾಗ ರಾಜೀನಾಮೆ ಕೊಟ್ಟು, ಹೊಸ ಪಕ್ಷದ ಹೆಸರಿನಲ್ಲಿ ಮತ್ತೆ ಮತ ಕೇಳಿ ಗೆದ್ದ. ಪಕ್ಷ ಬದಲಿಸುವವರು ಗಮನಿಸಬೇಕಾದ ಮಾತು!

1950ರಲ್ಲಿ ಊರು ನಾರ್ತ್, ಸೌತ್ ಎಂದು ಎರಡು ಕ್ಷೇತ್ರವಾಯಿತು. 1979ರಲ್ಲಿ ಪ್ರೆಸ್ಟನ್ ನಾರ್ತ್‌ನಲ್ಲಿ ಇಬ್ಬರು ಆಟ್ಕಿನ್ಸ್‌ಗಳ ಸ್ಪರ್ಧೆ. ಅವರು ಸಂಬಂಧಿಕರಲ್ಲ. ಕನ್ಸರ್ವೇಟಿವ್ ಪಕ್ಷದ ರಾಬರ್ಟ್ ಆಟ್ಕಿನ್ಸ್, ಲೇಬರ್‌ನ ರಾನ್ ಆಟ್ಕಿನ್ಸ್ ಅವರನ್ನು ಸೋಲಿಸಿದ್ದು ಬರೀ 29 ಮತಗಳಿಂದ. ಒಂದು ಬೀದಿಯ ಒಂದು ಸಾಲಿನ ಮನೆಗಳವರು ಮನಸ್ಸು ಮಾಡಿದ್ದರೆ ಫಲಿತಾಂಶ ಬದಲಾಗುತ್ತಿತ್ತು. ಹನಿಗೂಡಿದರೆ ಹಳ್ಳ ಎಂಬ ಗಾದೆ ಮತಪೆಟ್ಟಿಗೆಗೂ ಸಲ್ಲುತ್ತದೆ.

ನಮಗೂ ಮತವಿದೆ

ಪೋಷಕರಿಗೆ ಒಂದು ಮಾತು. ಬ್ರಿಟಿಷ್ ಪೌರತ್ವ ಇಲ್ಲದಿದ್ದರೆ ಇಲ್ಲಿ ಮತವಿಲ್ಲ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿ ವಾಸಿಸುತ್ತಿರುವ, ಸರಿಯಾದ ವೀಸಾ ಇರುವ, 18 ತುಂಬಿದ ಭಾರತದ ಪ್ರಜೆ ಪಾರ್ಲಿಮೆಂಟ್ ಚುನಾವಣೆಯಲ್ಲೂ ಸ್ಥಳೀಯ ಚುನಾವಣೆಯಲ್ಲೂ ಮತ ಹಾಕಬಹುದು. ಓದಲು ಬಂದವರಿಗೂ, ಕೆಲಸಕ್ಕೆ ಬಂದವರಿಗೂ ಈ ಹಕ್ಕಿದೆ. ಆದರೆ ಹೆಸರು ತಾನಾಗಿ ಪಟ್ಟಿಗೆ ಸೇರಿಬಿಡುತ್ತದೆ ಎಂದು ಕಾಯಬಾರದು, ನಾವೇ ಅರ್ಜಿ ಹಾಕಬೇಕು. ಮನೆ ಬದಲಿಸಿದರೆ ಮತ್ತೆ ಹಾಕಬೇಕು. 2023ರಿಂದ ಇಂಗ್ಲೆಂಡಿನ ಮತಗಟ್ಟೆಗಳಲ್ಲಿ ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು. ಅದಕ್ಕೆ ಭಾರತದ ಪಾಸ್‌ಪೋರ್ಟ್ ಕೂಡ ಆಗುತ್ತದೆ.

ಮಕ್ಕಳೇ, ನಿಮಗೂ ಒಂದು ಸುದ್ದಿ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳ ಸ್ವಂತ ಶಾಸನಸಭೆಗಳ ಚುನಾವಣೆಯಲ್ಲಿ 16 ವರ್ಷದವರು ಮತ ಹಾಕುತ್ತಾರೆ. ಪಾರ್ಲಿಮೆಂಟ್ ಚುನಾವಣೆಗೂ ಇದನ್ನು ತರುವುದಾಗಿ ಬ್ರಿಟನ್ ಸರ್ಕಾರ 2025ರ ಜುಲೈನಲ್ಲಿ ಹೇಳಿತು.

ಇನ್ನೊಂದು ಹೋಲಿಕೆಯನ್ನೂ ಮನಸ್ಸಿನಲ್ಲಿಡಿ. ಬ್ರಿಟನ್ನಿನಲ್ಲಿ ನೂರಾರು ವರ್ಷ ಹಿಡಿದ ಕೆಲಸವನ್ನು ಸ್ವತಂತ್ರ ಭಾರತ ಒಂದೇ ಸಲಕ್ಕೆ ಮಾಡಿತು. 1951-52ರ ಮೊದಲ ಮಹಾಚುನಾವಣೆಯಲ್ಲೇ ಬಡವ, ಬಲ್ಲಿದ, ಗಂಡು, ಹೆಣ್ಣು ಎನ್ನದೆ 21 ತುಂಬಿದ ಎಲ್ಲರಿಗೂ ಮತವಿತ್ತು. 1989ರಲ್ಲಿ ವಯಸ್ಸು 18ಕ್ಕೆ ಇಳಿಯಿತು. ಅಲ್ಲಿ ಮತ ಹಾಕಿದವರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರಿಂದ ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದೆ. ಇಲ್ಲಿ ಶಾಯಿ ಇಲ್ಲ, ಪಟ್ಟಿಯಲ್ಲಿ ಹೆಸರಿಗೆ ಗೆರೆ ಎಳೆದು ಕೈಗೆ ಪೆನ್ಸಿಲ್ ಕೊಡುತ್ತಾರೆ. ಶಾಯಿಯಾಗಲಿ ಪೆನ್ಸಿಲ್ ಆಗಲಿ, ಆ ಗುರುತಿನ ಹಿಂದೆ ಪ್ರೆಸ್ಟನ್‌ನ ನೇಕಾರರಂಥ ಅನೇಕರ ಬೆವರಿದೆ. ಅದನ್ನು ವ್ಯರ್ಥ ಮಾಡದಿರೋಣ.

ಪದಗಳ ಅರ್ಥ

ಮತಕ್ಷೇತ್ರ: ಒಬ್ಬ ಸದಸ್ಯನನ್ನು (ಹಿಂದೆ ಕೆಲವೆಡೆ ಇಬ್ಬರನ್ನು) ಆರಿಸುವ ಪ್ರದೇಶ.
ಉಪಚುನಾವಣೆ: ನಡುವೆ ಖಾಲಿಯಾದ ಒಂದು ಸ್ಥಾನಕ್ಕೆ ಮಾತ್ರ ನಡೆಯುವ ಚುನಾವಣೆ.
ಗುಪ್ತ ಮತದಾನ: ಯಾರಿಗೆ ಮತ ಹಾಕಿದೆವು ಎಂದು ಬೇರೆಯವರಿಗೆ ತಿಳಿಯದ ಪದ್ಧತಿ.
ಸನ್ನದು: ಹಕ್ಕನ್ನು ಕೊಟ್ಟು ರಾಜ ಬರೆಸಿದ ಪತ್ರ.
ಸುಂಕ: ಹೊರಗಿನಿಂದ ಬರುವ ಸರಕಿನ ಮೇಲಿನ ತೆರಿಗೆ.

ಪ್ರಶ್ನೆಗಳು

1. 1830ರ ಚುನಾವಣೆಯಲ್ಲಿ ಹಂಟ್ ಎಷ್ಟು ಮತಗಳ ಅಂತರದಿಂದ ಗೆದ್ದ? ಲೆಕ್ಕ ಮಾಡಿ.
2. 1832ರ ಕಾಯಿದೆಯಿಂದ ಮ್ಯಾಂಚೆಸ್ಟರಿಗೆ ಲಾಭವಾಯಿತು, ಪ್ರೆಸ್ಟನ್‌ನ ಕೂಲಿಕಾರರಿಗೆ ನಷ್ಟವಾಯಿತು. ಏಕೆ?
3. ಗುಟ್ಟಾಗಿ ಮತ ಹಾಕುವುದರಿಂದ ಯಾರಿಗೆ ಹೆಚ್ಚು ರಕ್ಷಣೆ? ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.
4. ನಿಮ್ಮ ಅಜ್ಜ ಅಥವಾ ಅಜ್ಜಿ ಮೊದಲ ಬಾರಿ ಮತ ಹಾಕಿದ್ದು ಯಾವಾಗ, ಎಲ್ಲಿ? ಫೋನಿನಲ್ಲಿ ಕೇಳಿ, ಕನ್ನಡದಲ್ಲಿ ಬರೆದು ತನ್ನಿ.
5. ನಿಮ್ಮ ಮನೆಯವರ ಹೆಸರು ಮತದಾರರ ಪಟ್ಟಿಯಲ್ಲಿ ಇದೆಯೇ? ಇಂದೇ ವಿಚಾರಿಸಿ.